ಎಳ್ಳಮಾವಾಸ್ಯೆಯ ನೆರಳು

ಗಿಡ ಹಚ್ಚುವುದನ್ನು ಕಲಿಯಲು ಬಸ್ಸು ಹತ್ತಿ ಹೋಗಬೇಕೇನು ಎಂದು ನಮ್ಮೂರು ಹುಡಗಿಯ ಹೆಂಗಸರು ನಗುತ್ತಿದ್ದರು. ನಾನು ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಬಸವಕಲ್ಯಾಣಕ್ಕೆ ತೋಟಗಾರಿಕೆ ತರಬೇತಿಗೆ ಹೋಗುತ್ತಿದ್ದ ದಿನಗಳವು. ಮಕ್ಕಳನ್ನು ಶಾಲೆಗೆ ಕಳಿಸಿ, ಚೀಲದಲ್ಲಿ ಬುತ್ತಿಯ ಜೊತೆ ಕತ್ತರಿಯನ್ನೂ ಇಟ್ಟುಕೊಂಡು ಹೊರಡುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ರೊಟ್ಟಿ ಬಡಿಯುವುದನ್ನೂ ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದಿರೇನು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ.

ಸರ್ಟಿಫಿಕೇಟು ಸಿಗಬೇಕೆಂದರೆ ಪ್ರತಿಯೊಬ್ಬರೂ ತಮ್ಮ ಹೊಲದಲ್ಲಿ ಒಂದು ಕೆಲಸ ಮಾಡಿ ತೋರಿಸಬೇಕಿತ್ತು. ಉಳಿದವರು ಗುಲಾಬಿ, ಟೊಮ್ಯಾಟೊ ಎಂದರು. ನಾನು ನಮ್ಮ ಹೊಲದ ಮುದಿ ಮಾವಿನ ಮರ ಎಂದೆ. ಅದು ಕಾಯಿ ಬಿಡುವುದೇ ಕಡಿಮೆಯಾಗಿತ್ತು, ಬಿಟ್ಟದ್ದೂ ತುದಿಯಲ್ಲಿ ಗಿಳಿಗಳ ಪಾಲು. ಇಂಥ ಮರದ ದೊಡ್ಡ ಕೊಂಬೆಗಳನ್ನು ಚಳಿಗಾಲದಲ್ಲಿ ಮೊಟಕಾಗಿ ಕತ್ತರಿಸಿದರೆ ಹೊಸದಾಗಿ ಚಿಗುರುತ್ತದೆ ಎಂದು ಸರ್ ಹೇಳಿಕೊಟ್ಟಿದ್ದರು. ಒಣಗಿ ಹೋದರೂ ಹೋಗಬಹುದು ಎಂದೂ ಹೇಳಿದ್ದರು.

ಆದರೆ ಆ ಮರ ನನ್ನ ಅತ್ತೆಯದು. ಮದುವೆಯಾಗಿ ಬಂದ ವರ್ಷ ನೆಟ್ಟು, ಬಾವಿಯಿಂದ ಕೊಡ ಹೊತ್ತು ಬೆಳೆಸಿದ್ದು. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ, ಕಾಳು-ಸೊಪ್ಪಿನ ಭಜ್ಜಿ, ರೊಟ್ಟಿ, ಅಂಬಲಿ ಉಣ್ಣುವುದು ಅದರ ನೆರಳಲ್ಲೇ. ನಾನು ಒಪ್ಪಿಗೆ ಕೇಳಿದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು.

“ಈ ಸಲದ್ದು ಬಿಡು. ಮುಂದಿನ ಎಳ್ಳಮಾಸಿಗಿ ಆ ಗಿಡದ ನೆಳ್ಳಾಗ ಕುಂತು ಉಣಬೇಕು ನಾ. ಇಲ್ಲಾಂದ್ರ ನಿನ್ನ ಸರ್ಟಿಫಿಕೇಟು ಒಲಿಗಿ ಹಾಕ್ತೀನಿ ನೋಡು” ಎಂದರು.

“ಚಿಗುರ್ತದ್ರಿ ಅತ್ತಿ” ಎಂದೆ. ಒಣಗಲೂಬಹುದು ಎಂದು ಸರ್ ಹೇಳಿದ್ದನ್ನು ಮಾತ್ರ ಹೇಳಲಿಲ್ಲ.

ಗಂಡ ಫ್ಯಾಕ್ಟರಿಗೆ ರಜೆ ಹಾಕಿ ಏಣಿ ಹಿಡಿದರು. ಗರಗಸ ನಾನೇ ಹಿಡಿದೆ. ಮೊದಲು ಕೊಂಬೆಯನ್ನು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಬೇಕು. ಇಲ್ಲದಿದ್ದರೆ ಬೀಳುವ ಕೊಂಬೆ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಇದನ್ನು ಗಂಡನಿಗೆ ಜೋರಾಗಿ ಹೇಳುತ್ತ ಹೇಳುತ್ತಲೇ ಕೊಯ್ದೆ. ಅತ್ತೆ ಬದುವಿನ ಮೇಲೆ ನಮಗೆ ಬೆನ್ನು ತಿರುಗಿಸಿ ಕುಳಿತಿದ್ದರು. ಕೊಯ್ದ ಜಾಗಕ್ಕೆಲ್ಲ ಮೈಲುತುತ್ತ, ಸುಣ್ಣ ಕಲಸಿ ಬಳಿದೆ. ಸಂಜೆಗೆ ಮರ ಜವಳ ತೆಗೆಸಿದ ಕೂಸಿನಂತೆ ನಿಂತಿತ್ತು.

ಕೆಲವೇ ದಿನಕ್ಕೆ ಎಳ್ಳಮಾವಾಸ್ಯೆ ಬಂತು. ಹಳೆಯ ಸೀರೆ ಕಟ್ಟಿ ನೆರಳು ಮಾಡಿಕೊಂಡು ಉಣ್ಣುತ್ತಿದ್ದೆವು. ಪಕ್ಕದ ಹೊಲದಾಕೆ ಬಂದು ಗಲ್ಲಕ್ಕೆ ಕೈ ಹಚ್ಚಿ, ಇದನ್ನು ಯಾರು ಕಡಿದರು ಎಂದು ಕೇಳಿದಳು.

“ನನ್ನ ಸೊಸಿ. ಕಲ್ತಾಳಲ್ಲ” ಎಂದರು ಅತ್ತೆ.

ನಾನು ತಲೆ ಎತ್ತದೆ ರೊಟ್ಟಿ ಮುರಿದೆ.

ಗೊಬ್ಬರ ಹಾಕಿದೆ, ನೀರು ಹಾಯಿಸಿದೆ. ಶಿವರಾತ್ರಿ ಕಳೆದರೂ ಮರ ಮಿಸುಕಲಿಲ್ಲ. ತರಬೇತಿಯಲ್ಲಿ ಎಲ್ಲರ ಟೊಮ್ಯಾಟೊ ಹಣ್ಣಾಗುತ್ತಿದ್ದರೆ ನಾನು ದಿನಾ ಹೊಲಕ್ಕೆ ಹೋಗಿ ಬೋಳು ಕೊಂಬೆಗಳನ್ನು ತಡಕಿ ಬರುತ್ತಿದ್ದೆ. ಆಮೇಲೊಂದು ಬೆಳಿಗ್ಗೆ ನೋಡುತ್ತೇನೆ, ಒರಟು ತೊಗಟೆ ಸೀಳಿ ಕೆಂಪು ಚಿಗುರು ಇಣುಕಿದೆ! ಹೊಲದಲ್ಲಿ ಒಬ್ಬಳೇ ನಿಂತು ನಕ್ಕೆ, ಕಣ್ಣಲ್ಲಿ ನೀರೂ ಬಂತು. ಗುಂಪು ಗುಂಪಾಗಿ ಚಿಗುರಿದ ಮೇಲೆ ಗಟ್ಟಿಯಾದವನ್ನು ಉಳಿಸಿ ಮಿಕ್ಕವನ್ನು ತೆಗೆಯುವಾಗ, ಬಂದದ್ದನ್ನೂ ಕಡಿಯುತ್ತೀಯಲ್ಲೇ ಎಂದು ಅತ್ತೆ ಗೊಣಗಿದರು. ಆದರೆ ಈ ಸಲ ಬೆನ್ನು ತಿರುಗಿಸಲಿಲ್ಲ.

ಬೇಸಿಗೆಯಲ್ಲಿ ಪರೀಕ್ಷೆಗೆ ಬಂದ ಅಧಿಕಾರಿ ಮರದ ಸುತ್ತ ಒಂದು ಸುತ್ತು ಹಾಕಿ ತಲೆದೂಗಿದರು. ನಾನು ಪಾಸಾದೆ. ಗಂಡ ಓಣಿಗೆಲ್ಲ ಪೇಢೆ ಹಂಚಿದರು. ಅತ್ತೆ ಮಾತ್ರ ಪೇಢೆ ತಿಂದು, ಎಳ್ಳಮಾವಾಸ್ಯೆ ಇನ್ನೂ ಬಂದಿಲ್ಲ ಎಂದರು.

ಅದೂ ಬಂತು. ಮರದ ನೆರಳು ಇನ್ನೂ ಒಂದು ಕೌದಿಯಷ್ಟೇ ಅಗಲವಿತ್ತು. ಅತ್ತೆ ಸರಿಯಾಗಿ ಅಲ್ಲೇ ಕೌದಿ ಹಾಸಿ, ನಡುವೆ ಕುಳಿತು ರೊಟ್ಟಿ ಮುರಿದರು. ಪಕ್ಕದ ಹೊಲದಾಕೆ ಮತ್ತೆ ಬಂದಳು. ತಮ್ಮ ಮರವೂ ಮುದಿಯಾಗಿದೆ, ನಾಳೆಯೇ ಕೊಡಲಿ ಕೊಟ್ಟು ಆಳು ಹತ್ತಿಸುತ್ತೇನೆ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೈ ಅಡ್ಡ ಹಿಡಿದರು.

“ಕೊಡಲಿ ಹಚ್ಚಬ್ಯಾಡವಾ. ಗರಗಸ ತಗೊ. ಮೊದಲ ಕೆಳಗಿಂದ ಕೊಯ್ಯಬೇಕು, ಆಮ್ಯಾಲ ಮ್ಯಾಲಿಂದ. ಇಲ್ಲಾಂದ್ರ ತೊಗಟಿ ಸುಲಿದು ಬರ್ತದ.”

ನಾನು ದಂಗಾದೆ. ಅಂದು ಬೆನ್ನು ತಿರುಗಿಸಿ ಕುಳಿತವರು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಿದ್ದರು.

ಯಾವ ಕೊಂಬೆ ಬಿಡಬೇಕು, ಯಾವುದು ತೆಗೆಯಬೇಕು ಎಂದು ಪಕ್ಕದಾಕೆ ಕೇಳಿದಳು. ಅದು ಅತ್ತೆಗೆ ಗೊತ್ತಿರಲಿಲ್ಲ. ಸರಿದು, ಕೌದಿಯ ಮೇಲೆ ನನಗೆ ಜಾಗ ಮಾಡಿದರು.

“ನನ್ನ ಸೊಸಿನ ಕೇಳು. ಕಲ್ತಾಳಲ್ಲ.”

ನಾನು ನೆರಳಿಗೆ ಸರಿದು ಕುಳಿತೆ. ಕೊಂಬೆ ತೋರಿಸಿ ಒಂದೊಂದಾಗಿ ಹೇಳತೊಡಗಿದೆ. ಅತ್ತೆ ನನ್ನ ತಟ್ಟೆಗೆ ಭಜ್ಜಿ ಬಡಿಸುತ್ತಿದ್ದರು.