ಟ್ರಿಪ್ ಬೀಳದ ಹಾಗೆ ಮಾಡಿಸಿದವಳು ನಾನು

“ಸುನಂದಾ, ಪೈಪ್ ಜಾರ್ಲತದ ನೋಡು, ಲಗೂನ ಬಾ...”

ಅತ್ತೆಯವರ ಮಾತು ಅಲ್ಲಿಗೇ ನಿಂತಿತು. ನಾನು ಅಡುಗೆಮನೆಯಲ್ಲಿ ಕೊಡ ತುಂಬುತ್ತಿದ್ದೆ. ಬಂದೆ ಬಂದೆ ಎನ್ನುತ್ತಾ ಸಾವಕಾಶ ಹೊರಗೆ ಬಂದೆ. ಅಂಗಳದ ತುಂಬ ನೀರು. ಅದರಲ್ಲಿ ಅವರು ಬರಿಗಾಲಲ್ಲಿ ಬಗ್ಗಿ ನಿಂತಿದ್ದರು. ಎಡಗೈ ಮೋಟಾರಿನ ಮೇಲಿತ್ತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಮೈ ಸಣ್ಣಗೆ ನಡುಗುತ್ತಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು.

ಕರೆಂಟ್ ಹಿಡಿದಿತ್ತು.

ಎಳೆಯಲೆಂದು ಓಡಿದೆ. “ಆಯೀ, ಹಾತ್ ಲಾವೂ ನಕೋ” ಎಂದು ಹಿಂದಿನಿಂದ ಮಗಳು ಶ್ರುತಿ ಕೂಗಿದಳು. ಮುಟ್ಟಬೇಡ ಅಂತ. ಮಹಾರಾಷ್ಟ್ರದಲ್ಲೇ ಹುಟ್ಟಿ ಬೆಳೆದ ಹುಡುಗಿ, ಗಾಬರಿಯಾದರೆ ಬಾಯಿಗೆ ಬರುವುದು ಮರಾಠಿಯೇ. ಅವಳು ಮೀಟರಿನ ಹತ್ತಿರ ಹಾರಿ ಮೇನ್ ಸ್ವಿಚ್ ಕೆಳಗೆಳೆದಳು. ಅತ್ತೆಯವರು ನೀರಿನಲ್ಲಿ ಕುಸಿದು ಬಿದ್ದರು. ಉಸಿರಿತ್ತು. ಒದ್ದೆ ಸೀರೆಯಲ್ಲೇ ಅವರನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು.

ನಮ್ಮ ಮನೆಯಲ್ಲಿ ಟ್ರಿಪ್ ಸ್ವಿಚ್ ಇತ್ತು. ಇಂಥ ಹೊತ್ತಿಗೆ ತಾನಾಗಿ ಬಿದ್ದು ಜೀವ ಉಳಿಸಲೆಂದೇ ಅದನ್ನು ಹಾಕುತ್ತಾರೆ. ನಮ್ಮದು ಬೀಳಲಿಲ್ಲ. ಬೀಳದ ಹಾಗೆ ನಾನೇ ಮಾಡಿಸಿದ್ದೆ.

ನಾವು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು. ನನ್ನ ಗಂಡನಿಗೆ ಶೇಂದ್ರಾದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕ ಮೇಲೆ ಸಂಭಾಜಿನಗರಕ್ಕೆ, ಅಂದರೆ ಹಿಂದಿನ ಔರಂಗಾಬಾದಿಗೆ ಬಂದು ಚಿಕಲಠಾಣಾದಲ್ಲಿ ಮನೆ ಮಾಡಿದೆವು. ನಮ್ಮ ಗಲ್ಲಿಯಲ್ಲಿ ನಳದ ನೀರು ಬರುವುದು ವಾರಕ್ಕೊಮ್ಮೆ, ಕೆಲವೊಮ್ಮೆ ಇನ್ನೂ ತಡ. ಬಂದಾಗ ಎಲ್ಲರೂ ನಳಕ್ಕೆ ಮೋಟಾರ್ ಹಚ್ಚಿ ಎಳೆಯುತ್ತೇವೆ. ಹಾಗೆ ಎಳೆಯಬಾರದೆಂದು ಎಲ್ಲರಿಗೂ ಗೊತ್ತು. ಎಳೆಯದಿದ್ದರೆ ಪಕ್ಕದವರ ಟಾಕಿ ತುಂಬಿ ನಮ್ಮದು ಖಾಲಿ ಉಳಿಯುತ್ತದೆ ಎನ್ನುವುದೂ ಗೊತ್ತು. ನೀರು ಬರುವ ದಿನ ನನಗೆ ಮೈಮೇಲೆ ದೇವರು ಬಂದ ಹಾಗೆ ಆಗುತ್ತದೆ. ಯಾರು ಅಡ್ಡ ಬಂದರೂ ಬಯ್ಯುತ್ತೇನೆ.

ಈ ಬೇಸಿಗೆಯಲ್ಲಿ ಮೋಟಾರ್ ಹಚ್ಚಿದರೆ ಸಾಕು, ಟ್ರಿಪ್ ಬೀಳತೊಡಗಿತು. ಎತ್ತಿದರೆ ಮತ್ತೆ ಬೀಳುವುದು. ಎಲೆಕ್ಟ್ರಿಷಿಯನ್ ಬಂದು ನೋಡಿದ. ಮೋಟಾರಿನೊಳಗೆ ನೀರಿಳಿದಿದೆ, ಕರೆಂಟ್ ಅದರ ಮೈಗೆ ಬರುತ್ತಿದೆ, ವೈಂಡಿಂಗ್ ಮಾಡಿಸುವ ತನಕ ಹಚ್ಚಬೇಡಿ ಎಂದ. ಅತ್ತ ನಳದಲ್ಲಿ ನೀರು ಬಂದಿದೆ, ಇತ್ತ ಇವನು ಪುರಾಣ ಹೇಳುತ್ತಿದ್ದಾನೆ. ನನಗೆ ತಲೆ ಕೆಟ್ಟಿತು. ಟ್ರಿಪ್ ಬಿಟ್ಟು ಡೈರೆಕ್ಟ್ ಕೊಡಪ್ಪ, ನಾಳೆ ಮೋಟಾರ್ ರಿಪೇರಿಗೆ ಕಳಿಸುತ್ತೇನೆ ಎಂದೆ. ಅವನು ಒಲ್ಲೆ ಎಂದ. ನಾನು ದನಿ ಏರಿಸಿದೆ. ಕೊನೆಗೆ ಬೇಸತ್ತು ಒಂದು ವೈರ್ ತುಂಡು ಸೇರಿಸಿ ಕೊಟ್ಟು ಹೋದ. ಟಾಕಿ ತುಂಬಿತು. ನಾನು ಗೆದ್ದವಳ ಹಾಗೆ ಕೂತು ಚಹಾ ಕುಡಿದೆ.

ನೀರು ತುಂಬಿದ ಮೇಲೆ ಮೋಟಾರಿನ ನೆನಪು ಯಾರಿಗಿರುತ್ತದೆ? ಮುಂದಿನ ಸಲ ನೀರು ಬಂದಾಗಲೂ ಅದನ್ನೇ ಹಚ್ಚಿದೆ. ಅದರ ಮುಂದಿನ ಸಲವೂ ಅಷ್ಟೇ. ಗಂಡನಿಗೆ ಹೇಳಲೂ ಇಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಹಾರ್ಟ್ ರಿದಮ್ ತಪ್ಪಿದೆ, ಐಸಿಯುನಲ್ಲಿ ಮಾನಿಟರ್ ಹಚ್ಚಬೇಕು ಎಂದರು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದಿತ್ತು, ಕಿಡ್ನಿಗೆ ತೊಂದರೆಯಾದೀತೆಂದು ಸಲೈನ್ ಮೇಲೆ ಸಲೈನ್ ಏರಿಸಿದರು. ಎಡ ಅಂಗೈಯ ಸುಟ್ಟ ಗುರುತು ನೋಡಲು ಅಷ್ಟೇನೂ ದೊಡ್ಡದಿರಲಿಲ್ಲ. ಹೊರಗೆ ಕಾಣುವುದು ಕಡಿಮೆ, ಒಳಗೆ ಹೆಚ್ಚು ಸುಟ್ಟಿರುತ್ತದೆ ಎಂದು ಡಾಕ್ಟರ್ ಮರಾಠಿಯಲ್ಲಿ ತಿಳಿಸಿ ಹೇಳಿದರು. ಆಮೇಲೆ ಕೇಳಿದರು, ಮನೆಯಲ್ಲಿ ಟ್ರಿಪ್ ಸ್ವಿಚ್ ಇಲ್ಲವೇ?

ಇದೆ, ನಾನೇ ಬೈಪಾಸ್ ಮಾಡಿಸಿದ್ದೆ ಎಂದೆ.

ನನ್ನ ಗಂಡ ಡ್ಯೂಟಿಯ ಬಟ್ಟೆಯಲ್ಲೇ ಓಡಿ ಬಂದು ಪಕ್ಕದಲ್ಲಿ ನಿಂತಿದ್ದರು. ಅವರ ಫ್ಯಾಕ್ಟರಿಯಲ್ಲಿ ಮಷೀನು ಬಿಚ್ಚುವ ಮೊದಲು ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಆ ಶಿಸ್ತನ್ನು ಅವರು ಎಷ್ಟು ಸಲ ಹೆಮ್ಮೆಯಿಂದ ಹೇಳಿದ್ದರೋ, ಅಷ್ಟು ಸಲ ನಾನು ಆಕಳಿಸಿದ್ದೆ. ನನ್ನನ್ನು ಒಮ್ಮೆ ನೋಡಿದರು, ಔಷಧಿ ತರಲು ಹೋದರು. ಬೈದಿದ್ದರೆ ನಾನೂ ತಿರುಗಿ ಒದರಿ ಹಗುರಾಗುತ್ತಿದ್ದೆ.

ಅತ್ತೆಯವರಿಗೆ ಎಚ್ಚರವಾದ ಮೇಲೆ ಇನ್ನೊಂದು ಪೇಚು ಶುರುವಾಯಿತು. ನಾವು ಲಿಂಗಾಯತರು. ಅತ್ತೆಯವರು ದಿನಾ ಸ್ನಾನ ಮಾಡಿ, ಕೊರಳ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಗುಟುಕು ನೀರೂ ಕುಡಿದವರಲ್ಲ. ಈಗ ಎಡಗೈ ತುಂಬ ಬ್ಯಾಂಡೇಜು. ನರ್ಸ್ ನೀರಿನ ಲೋಟ ತಂದರೆ ಮುಖ ತಿರುಗಿಸಿದರು.

“ಅವ್ವ, ಬಲಗೈದಾಗ ಇಟ್ಕೊಂಡು ಮಾಡು” ಎಂದರು ನನ್ನ ಗಂಡ.

“ಮತ್ತ ಬಿಲ್ವ ಯಾವ ಕೈಲೆ ಏರಸ್ಲಿ? ನಿಮ್ಮಪ್ಪನ ಕೈಲೇನು?”

ಮಾವನವರು ತೀರಿಕೊಂಡು ಬಹಳ ವರ್ಷವಾಗಿದೆ. ಆ ಸ್ಥಿತಿಯಲ್ಲೂ ಬಾಯಿ ಮಾತ್ರ ಮೊದಲಿನಂತೆಯೇ ಇದೆಯಲ್ಲ ಎಂದು ನನಗೆ ಧೈರ್ಯ ಬಂತು. ನಾಸಿಕ್ ರೋಡ್ ಎಂಬ ಊರಿನಲ್ಲಿ ನಮ್ಮ ಕಡೆಯ ಸ್ವಾಮಿಗಳೊಬ್ಬರಿದ್ದಾರೆ. ಅವರಿಗೆ ಫೋನ್ ಹಚ್ಚಿ ಅತ್ತೆಯವರ ಕಿವಿಗೆ ಹಿಡಿದೆವು. ಕೈ ವಾಸಿಯಾಗೂತನಕ ಮನಸ್ಸಿನ್ಯಾಗ ಮಾಡವ್ವ, ನೀರ್ ಕುಡಿ ಎಂದು ಅವರು ಅಪ್ಪಣೆ ಕೊಟ್ಟ ಮೇಲೆ ಅತ್ತೆಯವರು ಕಣ್ಣು ಮುಚ್ಚಿ ಕೂತರು. ಆಮೇಲೆ ನೀರು ಕುಡಿದರು. ನಾನು ವಾರ್ಡಿನ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಹಾರ್ಟ್ ಸರಿಹೋಯಿತು. ಕಿಡ್ನಿಯೂ ಉಳಿಯಿತು. ಅಂಗೈಯಲ್ಲಿ ಸತ್ತ ಚರ್ಮ ತೆಗೆದು, ತೊಡೆಯ ಚರ್ಮ ತಂದು ಗ್ರಾಫ್ಟಿಂಗ್ ಮಾಡಿದರು. ಬ್ಯಾಂಡೇಜು ಬಿಚ್ಚಿದಾಗ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು.

“ಲಿಂಗ ಕೂಡುವಷ್ಟು ಅಂಗೈ ಬಿಚ್ಚತದೇನು, ಕೇಳು” ಎಂದರು ಅತ್ತೆಯವರು ನನಗೆ. ಡಾಕ್ಟರಿಗೆ ಮರಾಠಿಯಲ್ಲಿ ಕೇಳಿದೆ. ಅವರು ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಒಂದೊಂದೇ ಬೆರಳು ಬಿಡಿಸಿ ನೋಡಿದರು. ದಿನಾ ಫಿಸಿಯೋಥೆರಪಿ ಮಾಡಿಸಿ, ಬೆರಳು ಚಾಚಿ ಹಿಡಿಯುವ ಸ್ಪ್ಲಿಂಟ್ ಪಟ್ಟಿ ಬಿಡಬೇಡಿ, ಬಿಟ್ಟರೆ ಮುಷ್ಟಿಯಾಗಿಯೇ ಉಳಿಯುತ್ತದೆ, ಪೂರ್ತಿ ಬಿಚ್ಚುತ್ತದೆ ಎಂದು ಮಾತ್ರ ಹೇಳಲಾರೆ ಎಂದರು. ನಾನು ಕನ್ನಡದಲ್ಲಿ “ಬಿಚ್ಚತದಂತ್ರಿ” ಎಂದಷ್ಟೇ ಹೇಳಿದೆ.

ಮನೆಗೆ ಬಂದ ಮೇಲೆ ಆ ಕೈ ನನ್ನ ಪಾಲಿಗೆ ಬಂತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಣ್ಣೆ ಸವರಿ ಒಂದೊಂದೇ ಬೆರಳನ್ನು ಬಿಡಿಸುವುದು. ಒತ್ತಿದರೆ ಅವರಿಗೆ ಜೀವ ಹೋಗುವಂಥ ನೋವು. ಒತ್ತದಿದ್ದರೆ ಕೈ ಹೋಗುತ್ತದೆ. ಕಣ್ಣೀರು ಇಳಿದರೂ ಬಾಯಿ ಬಿಡುತ್ತಿರಲಿಲ್ಲ. ಸುಟ್ಟವಳೂ ನಾನೇ, ಈಗ ದಿನಾ ನೋಯಿಸುವವಳೂ ನಾನೇ ಎನಿಸುತ್ತಿತ್ತು.

ಅದಕ್ಕಿಂತ ಕಷ್ಟವಾದದ್ದು ಅವರ ಒಳ್ಳೆಯತನ. ಮದುವೆಯಾದಂದಿನಿಂದ ಸಾರಿಗೆ ಉಪ್ಪು ಹೆಚ್ಚಾಯಿತೆಂದು, ರೊಟ್ಟಿ ದಪ್ಪವಾಯಿತೆಂದು ನನ್ನನ್ನು ಬಿಡದೆ ಬೈದವರು. ನಾನೂ ಬಿಟ್ಟವಳಲ್ಲ. ಈಗ ಏನು ಕೊಟ್ಟರೂ “ಛಂದ ಆಗ್ಯಾದ, ನಿನಗ ತ್ರಾಸ್ ಆಯ್ತು” ಎನ್ನುತ್ತಿದ್ದರು. ನೋಡಲು ಬಂದವರಿಗೆ “ಮುದುಕಿ ನಾನೇ ಗಡಿಬಿಡಿ ಮಾಡ್ದೆ, ಹಸಿ ಕೈಲೆ ಮುಟ್ಟಿದೆ” ಎಂದು ತಾವೇ ತಪ್ಪು ಹೊರುತ್ತಿದ್ದರು. ಪರರ ಮನೆಯಲ್ಲಿ ಉಳಿದ ಬೀಗಿತ್ತಿಯ ಹಾಗೆ ನಯವಾಗಿ ಮಾತಾಡುತ್ತಿದ್ದರು.

ಇಷ್ಟರಲ್ಲಿ ಗಂಡ ಆ ವೈರ್ ತುಂಡನ್ನು ತೆಗೆಸಿ ಹೊಸ ಟ್ರಿಪ್ ಹಾಕಿಸಿದರು. ಅದರಲ್ಲಿ ಟೆಸ್ಟ್ ಎಂಬ ಗುಂಡಿ ಇದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ, ಬೀಳುತ್ತದೋ ಇಲ್ಲವೋ ನೋಡುವ ಕೆಲಸ ನನ್ನದು. ಮೋಟಾರಿಗೆ ಹೊಸ ವೈಂಡಿಂಗ್ ಆಯಿತು, ಅರ್ಥಿಂಗ್ ಆಯಿತು, ಅದು ಒಣ ಕಟ್ಟೆಯ ಮೇಲೆ ಕೂತಿತು. ಪ್ಲಗ್ ತೆಗೆಯದೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ನಮ್ಮ ಗಲ್ಲಿಯಲ್ಲಿ ಇನ್ನೂ ಎರಡು ಮನೆಯವರು ಟ್ರಿಪ್ ಬಿಟ್ಟು ಡೈರೆಕ್ಟ್ ಕೊಟ್ಟಿದ್ದು ಕಂಡು ಜಗಳವಾಡಿಯೇ ತೆಗೆಸಿದೆ. ಜಗಳ ನನಗೆ ಬರುತ್ತದೆ. ಇಷ್ಟಾದರೂ ಅತ್ತೆಯವರ ಅಂಗೈ ನೋಡಿದರೆ ಇದೆಲ್ಲ ತಡವಾಗಿ ಬಂದ ಬುದ್ಧಿ ಎನಿಸುತ್ತದೆ.

ಮೊನ್ನೆ ಸೋಮವಾರ ಬೆಳಿಗ್ಗೆ ಅತ್ತೆಯವರು ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಮಣೆಯ ಮೇಲೆ ಕೂತು ನನ್ನನ್ನು ಕರೆದರು. ಸ್ಪ್ಲಿಂಟ್ ಬಿಚ್ಚು ಎಂದರು. ಬಿಚ್ಚಿದೆ. ಬಲಗೈಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟರು. ಬೆರಳು ಅರ್ಧವಷ್ಟೇ ಬಿಚ್ಚಿದ್ದವು. ಲಿಂಗ ಓರೆಯಾಗಿ ಜಾರಿತು. ಬಲಗೈಯಿಂದ ಹಿಡಿದು ಮತ್ತೆ ಇಟ್ಟರು. ಮತ್ತೆ ಜಾರಿತು.

“ಕೆಳಗ ಕೈ ಕೊಡು” ಎಂದರು.

ಪೂಜೆಯ ಹೊತ್ತಿಗೆ ಅವರು ಮಗನನ್ನೂ ಹತ್ತಿರ ಬರಗೊಟ್ಟವರಲ್ಲ. ನಾನು ಕೈ ತೊಳೆದು ಬಂದು ಎದುರಿಗೆ ಕೂತೆ. ಅವರ ಎಡಗೈ ಕೆಳಗೆ ನನ್ನ ಎರಡೂ ಕೈ ಇಟ್ಟು, ಹೆಬ್ಬೆರಳಿನಿಂದ ಅವರ ಬೆರಳುಗಳನ್ನು ಬಿಡಿಸಿ ಹಿಡಿದೆ. ಲಿಂಗ ನಿಂತಿತು. ಅವರು ನೀರೆರೆದರು, ಬಿಲ್ವ ಏರಿಸಿದರು. ನೀರು ಅವರ ಬೆರಳ ಸಂದಿಯಿಂದ ನನ್ನ ಕೈಗೆ ಇಳಿಯಿತು. ನನಗೆ ತಡೆಯಲಾಗಲಿಲ್ಲ.

“ಅತ್ತಿ, ನನಗ ಒಂದ್ಸಲಾದ್ರೂ ಬೈರಿ.”

ಅವರು ಲಿಂಗದ ಮೇಲಿಂದ ಕಣ್ಣು ತೆಗೆಯಲಿಲ್ಲ. ಮಂತ್ರ ಪೂರ್ತಿ ಮುಗಿಸಿದರು.

“ತಪ್ಪು ನಿಂದೇ ಅದ ಸುನಂದಾ. ಸಾಯೂತನಕ ಮರ್ಯಂಗಿಲ್ಲ ನಾ. ದಿನಾ ಮುಂಜಾನಿ ಲಗೂನ ಜಳಕಾ ಮಾಡಿ ಇಲ್ಲಿ ಬಂದು ಕೂಡು. ಈಗ ಕೈ ಅಲ್ಲಾಡಸಬ್ಯಾಡ.”

ಅಲ್ಲಾಡಿಸದೆ ಹಿಡಿದೆ.