ಮೊದಲ ಪೆಟ್ಟನ್ನು ನುಂಗುವ ತಾಳ

ಮೃದಂಗವನ್ನು ನುಡಿಸುತ್ತಾರೆ. ಡೊಳ್ಳನ್ನು ಬಾರಿಸುತ್ತಾರೆ. ತಮಟೆಯನ್ನು ಮಾತ್ರ ಬಡಿಯುತ್ತಾರೆ, ದನ ಬಡಿದ ಹಾಗೆ, ಬಟ್ಟೆ ಬಡಿದ ಹಾಗೆ, ನಮ್ಮನ್ನು ಬಡಿದ ಹಾಗೆ. ಕನ್ನಡದಲ್ಲಿ ವಾದ್ಯಕ್ಕೂ ಜಾತಿ ಇದೆ, ಅದರ ಕ್ರಿಯಾಪದಕ್ಕೂ ಇದೆ. ಇದನ್ನು ಶಾಲೆಯಲ್ಲಿ ಯಾರೂ ನನಗೆ ಹೇಳಿಕೊಡಲಿಲ್ಲ. ಹೇಳಿಕೊಟ್ಟವನು ನನ್ನಪ್ಪ, ಅದೂ ಬಾಯಿಂದಲ್ಲ, ಕೈಯಿಂದ.

ಚಿಕ್ಕವಳಿದ್ದಾಗ ಊಟಕ್ಕೆ ಕೂತರೆ ಸಾರು ಬರುವ ತನಕ ಸ್ಟೀಲ್ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುವುದು ನನ್ನ ಚಾಳಿ. ಒಂದು ಸಲ ಅಪ್ಪ ಕೇಳಿಸಿಕೊಂಡ. ತಟ್ಟೆ ಗೋಡೆಗೆ ಹೋಯಿತು, ನಾನು ಬಾಗಿಲಿಗೆ ಹೋದೆ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಗೋಡೆಯ ಮೇಲೆ ಬುದ್ಧ ಕಣ್ಣು ಮುಚ್ಚಿ ಕೂತಿದ್ದ. ಕೆಳಗೆ ಅಪ್ಪ ನನಗೆ ಬಾರಿಸುತ್ತಿದ್ದ.

"ಇನ್ನೊಂದ್ಕಿತ ಏನಾರ ಬಡುದ್ರೆ ಬೆರಳು ಮುರ್ದಾಕ್ತೀನಿ ಕಣ್ಲೇ" ಎಂದ.

ಅವನ ಬೆರಳನ್ನು ಮುರಿದವರಿದ್ದರು. ಅಪ್ಪನ ಊರು ಅರಕಲಗೂಡಿನ ಕಡೆಯ ಹಳ್ಳಿ. ಅವನಿಗೆ ಆಗತಾನೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿತ್ತು. ಊರಿನ ದೊಡ್ಡ ಮನೆಯಲ್ಲಿ ಯಜಮಾನ ತೀರಿಕೊಂಡ. ಹೆಣದ ಮುಂದೆ ತಮಟೆ ಬಡಿಯಲು ಬಾ ಎಂದು ಹೇಳಿ ಕಳಿಸಿದರು. ನಮ್ಮ ಮನೆತನಕ್ಕೆ ಅದು ಕೆಲಸವಲ್ಲ, ಕಟ್ಟಳೆ. ಅಪ್ಪ ಬರುವುದಿಲ್ಲ ಎಂದ. ಮನೆಯಿಂದ ಎಳೆದುಕೊಂಡು ಹೋದರು. ಬಲಗೈಯನ್ನು ಜಗಲಿಯ ಕಲ್ಲಿನ ಮೇಲೆ ಒತ್ತಿ ಹಿಡಿದು, ಚಟ್ಟ ಕಟ್ಟಲು ತಂದಿದ್ದ ಬಿದಿರಿನ ಗಳದಿಂದ ಕುಟ್ಟಿದರು. ಚರ್ಮ ಕಾಯಿಸಲು ಹಾಕುವ ಹುಲ್ಲಿನ ಬೆಂಕಿಗೇ ತಮಟೆಯನ್ನು ಎಸೆದರು. ಬೆರಳುಗಳು ಕೂಡಿಕೊಂಡವು, ಆದರೆ ಮತ್ತೆ ಮಡಚಲಿಲ್ಲ. ಅಪ್ಪ ಸ್ಪ್ಯಾನರನ್ನು ಎಡಗೈಯಲ್ಲಿ ಹಿಡಿಯುವುದು ಕಲಿತ, ಆ ಊರು ಬಿಟ್ಟ, ಬೌದ್ಧನಾದ. ಚರ್ಮದ ಸದ್ದು ನಮ್ಮ ಮನೆಯ ಹೊಸಿಲು ದಾಟಕೂಡದು ಎಂಬುದು ಬುದ್ಧನ ಐದು ಶೀಲಗಳಿಗೆ ಅವನೇ ಸೇರಿಸಿಕೊಂಡ ಆರನೆಯ ಶೀಲ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಡ್ರಮ್ ಬೇಕಿತ್ತು. ಹಟಕ್ಕಲ್ಲ, ಕ್ರಾಂತಿಗೂ ಅಲ್ಲ. ಹಸಿವಾದ ಹಾಗೆ ಬೇಕಿತ್ತು. ಕದ್ದು ಅಲ್ಲ, ಅಪ್ಪನ ಎದುರಿಗೇ, ಅವನು ಕೇಳುತ್ತಿರುವಾಗಲೇ ಬೇಕಿತ್ತು. ಆ ಆಸೆಯನ್ನು ಹೊತ್ತುಕೊಂಡು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ.

ಓದು ಮುಗಿದು ಹಾಸನದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವುದು. ಲ್ಯಾಬಿನ ಹಿಂದಿನ ರಸ್ತೆಯಲ್ಲಿ ಹಳೆ ಟೈರಿನ ಅಂಗಡಿಯೊಂದಿದೆ. ಅದರ ಮಾಳಿಗೆಯಿಂದ ಒಂದು ಸಂಜೆ ಡ್ರಮ್ಮಿನ ಸದ್ದು ಕೇಳಿತು. ಅದು ಸಿನಿಮಾ ಹಾಡಿನ ಬಡಿತವಲ್ಲ, ಮದುವೆ ಬ್ಯಾಂಡೂ ಅಲ್ಲ. ಕುಂಟುತ್ತಿತ್ತು, ಆದರೆ ಬೀಳುತ್ತಿರಲಿಲ್ಲ. ಮೆಟ್ಟಿಲು ಹತ್ತಿಬಿಟ್ಟೆ. ಅಲ್ಲೊಬ್ಬರು ಮೇಷ್ಟ್ರು ಡ್ರಮ್ ಕಲಿಸುತ್ತಿದ್ದರು, ಸೇರಿಕೊಂಡೆ. ಮನೆಯಲ್ಲಿ ಓವರ್‌ಟೈಮ್ ಎಂದು ಹೇಳಿದೆ. ಅವ್ವನಿಗೆ ಮಾತ್ರ ನಿಜ ಹೇಳಿದೆ.

ಮೇಷ್ಟ್ರು ಚನ್ನರಾಯಪಟ್ಟಣದವರು. ನುಗ್ಗೇಹಳ್ಳಿ, ಶ್ರವಣಬೆಳಗೊಳ ಅಂತ ಸುತ್ತಮುತ್ತಲ ಮದುವೆಗಳಿಗೆಲ್ಲ ಆರ್ಕೆಸ್ಟ್ರಾದಲ್ಲಿ ಡ್ರಮ್ ಹೊಡೆದು ಬೇಸತ್ತವರು. ಅವರಿಗೆ ಹುಚ್ಚು ಹಿಡಿಸಿದ್ದು ರೆಗೆ. ಯಾವುದೋ ದೂರದ ದ್ವೀಪದಲ್ಲಿ ಗುಲಾಮರಾಗಿ ಕಬ್ಬು ಕಡಿದವರ ಮೊಮ್ಮಕ್ಕಳು ಕಟ್ಟಿದ ಸಂಗೀತ ಎಂದರು. ಅವರ ಅಜ್ಜಂದಿರ ಕೈಯಿಂದ ಯಜಮಾನರು ಡ್ರಮ್ ಕಿತ್ತುಕೊಳ್ಳುತ್ತಿದ್ದರಂತೆ, ಬಡಿದರೆ ಚರ್ಮ ಸುಲಿಯುತ್ತಿದ್ದರಂತೆ. ನಮ್ಮೂರಿನಲ್ಲಿ ಬಡಿಯದಿದ್ದರೆ ಸುಲಿಯುತ್ತಾರೆ ಎಂದುಕೊಂಡೆ.

ರೆಗೆಯ ಮೊದಲ ಪಾಠಕ್ಕೆ ವನ್ ಡ್ರಾಪ್ ಎನ್ನುತ್ತಾರೆ. ಕೇಳಲು ಸುಲಭ. ನಾಲ್ಕು ಎಣಿಸಬೇಕು. ಬಲಗೈ ಎರಡು ಕಂಚಿನ ತಟ್ಟೆಗಳ ಹೈ-ಹ್ಯಾಟಿನ ಮೇಲೆ ಮೆಲ್ಲಗೆ ಆಡುತ್ತಿರಬೇಕು. ಎಡಗೈಯ ಕೋಲನ್ನು ಸಣ್ಣ ಡ್ರಮ್ಮಿನ ಮೇಲೆ ಅಡ್ಡ ಮಲಗಿಸಿ ಅಂಚಿಗೆ ಟಕ್ ಎನಿಸಬೇಕು. ಆ ಟಕ್ಕೂ ಕಾಲಿನಿಂದ ಒದೆಯುವ ದೊಡ್ಡ ಡ್ರಮ್ಮಿನ ದುಮ್ಮೂ ಒಟ್ಟಿಗೆ ಮೂರನೆಯ ಎಣಿಕೆಗೆ ಬೀಳಬೇಕು. ಒಂದಕ್ಕೆ ಏನೂ ಇಲ್ಲ. ಜಗತ್ತಿನ ಬಹುಪಾಲು ತಾಳಗಳು ಎಲ್ಲಿ ಕಾಲೂರುತ್ತವೋ ಅಲ್ಲಿ ಇದು ಖಾಲಿ.

ನನ್ನ ಕಾಲು ಒಂದಕ್ಕೇ ಬೀಳುತ್ತಿತ್ತು. ಎಷ್ಟು ಸಲ ಕೂತರೂ ಒಂದಕ್ಕೇ ದುಮ್. ಮೇಷ್ಟ್ರ ಕೈಯಲ್ಲಿ ಸದಾ ಒಂದು ಕೋಲು. ತಪ್ಪಿದಾಗೆಲ್ಲ ನನ್ನ ಮಣಿಕಟ್ಟಿಗೆ ಒಂದು, ಮೊಣಕಾಲಿಗೆ ಒಂದು. ಹೆಣ್ಣುಮಗಳು ಎಂಬ ರಿಯಾಯಿತಿ ಇರಲಿಲ್ಲ.

"ಒಂದುಕ್ಕೆ ಬೀಳ್ಬ್ಯಾಡ ಕಣಮ್ಮ! ಎಲ್ಲಿ ಕಲ್ತೆ ಈ ಬಡಿತಾನ?"

ಕಲಿತಿರಲಿಲ್ಲ. ಆದರೆ ಅರಕಲಗೂಡಿನ ಕಡೆ ನಮ್ಮ ಕೇರಿಗಳಲ್ಲಿ ತಮಟೆ ನಿಂತಿರುವುದೇ ಮೊದಲ ಪೆಟ್ಟಿನ ಮೇಲೆ, ದಪ್ಪ ಕೋಲಿನ ಆ ಭಾರದ ಪೆಟ್ಟಿನ ಮೇಲೆ. ಮನೆಯಲ್ಲಿ ಎಷ್ಟು ಬಾಗಿಲು ಹಾಕಿದರೂ ಅದು ಎಲ್ಲಿಂದಲೋ ಒಳಗೆ ಬಂದು ನನ್ನ ಕಾಲಲ್ಲಿ ಕೂತಿತ್ತು. ಯಾವುದರಿಂದ ತಪ್ಪಿಸಿಕೊಳ್ಳಲು ಅಪ್ಪ ಊರು ಬಿಟ್ಟನೋ ಅದೇ ಹಾಸನದ ಮಾಳಿಗೆಯ ಮೇಲೆ ನನ್ನ ಪಾದದಲ್ಲಿ ಬಡಿದುಕೊಳ್ಳುತ್ತಿತ್ತು. ಮೈ ಉರಿದುಹೋಗುತ್ತಿತ್ತು.

ಕ್ಲಾಸಿಗೆ ಒಬ್ಬ ಬ್ಯಾಂಕ್ ಆಫೀಸರೂ ಬರುತ್ತಿದ್ದ. ಅರ್ಚಕರ ಮನೆಯವನು, ಮೃದಂಗ ಬಲ್ಲವನು. ನನ್ನ ಪಾಡು ನೋಡಿ ಒಂದು ದಿನ ಸಮಾಧಾನ ಹೇಳಿದ: "ನಾವು ನುಡಿಸೋಕೆ ವರ್ಷಗಟ್ಟಲೆ ಸಾಧನೆ ಮಾಡ್ಬೇಕು. ನಿಮ್ಮವರಿಗೆ ಬಡಿಯೋದು ರಕ್ತದಲ್ಲೇ ಬಂದಿರುತ್ತೆ ಬಿಡಿ."

ರಕ್ತದಲ್ಲಿ ಏನೇನು ಬಂದಿರುತ್ತದೆ ಎಂದು ದಿನಾ ನೋಡುವವಳು ನಾನು. ಕೈಯಲ್ಲಿದ್ದ ಕೋಲು ಬೀಸಿ ಎಸೆದೆ. ಅವನ ಕನ್ನಡಕದ ಗಾಜು ಒಡೆದು ಹುಬ್ಬಿನಿಂದ ಒಂದು ಗೆರೆ ರಕ್ತ ಇಳಿಯಿತು. ನೋಡಿಕೊಳ್ಳಲಿ ಅದರಲ್ಲಿ ಏನಿದೆ ಎಂದು ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ. ಆತ ಮತ್ತೆ ಬರಲಿಲ್ಲ. ಮೇಷ್ಟ್ರು ನನ್ನನ್ನು ಬೈದದ್ದು ಕೋಲನ್ನು ಹಾಗೆ ಎಸೆಯಬಾರದು ಎಂಬ ಒಂದೇ ಕಾರಣಕ್ಕೆ.

ಆಮೇಲೆ ಅವರು ಎದುರಿಗೆ ಸ್ಟೂಲ್ ಎಳೆದು ಕೂತು, "ಹೋಗು ಅನ್ನಮ್ಮ" ಎಂದರು.

"ಓಗು."

"ಹಾಗೆ ಅನ್ನು."

"ಅಂಗೆ."

"ಹ ಎಲ್ಲೋಯ್ತು?"

ನಾನು ಪೆಚ್ಚಾದೆ. "ನುಂಗ್ಬುಟ್ಟೆ ಸಾ."

"ನಾನೂ ನುಂಗ್ತೀನಿ ಕಣಮ್ಮ. ಸ್ಟೇಜ್ ಮ್ಯಾಲೆ ಮೈಕ್ ಇಡ್ಕಂಡಾಗ ಮಾತ್ರ ಉಗೀತೀನಿ. ಹ ನುಂಗುದ್ರೂ ಮಾತು ಅರ್ಥ ಆಯ್ತದಲ್ಲ? ಅದ್ರ ಜಾಗ ಅಲ್ಲೇ ಇರ್ತದೆ. ಅಂಗೇ ಒಂದನ್ನ ನುಂಗು."

ನುಂಗಿದೆ. ಬಾಯಲ್ಲಿ ಎಣಿಸುತ್ತ, ಒಂದು ಎನ್ನುವ ಕಡೆ ಉಸಿರನ್ನು ಒಳಗೆಳೆದುಕೊಂಡೆ. ಎರಡು ತಾನಾಗಿ ಬಂತು. ಮೂರಕ್ಕೆ ಕಾಲೂ ಕೈಯೂ ಒಟ್ಟಿಗೆ ಬಿದ್ದವು. ನಮ್ಮ ಸೀಮೆಯವರ ನಾಲಿಗೆಯನ್ನು ಕಾಲೇಜಿನಲ್ಲಿ ಎಷ್ಟು ಆಡಿಕೊಂಡಿದ್ದರು. ಆ ನಾಲಿಗೆಯೇ ನನಗೆ ರೆಗೆ ಕಲಿಸಿತು. ಅದು ಬಂದ ಮೇಲೆ ಒಂದಕ್ಕೂ ಒದೆಯುವ ರಾಕರ್ಸ್, ನಾಲ್ಕಕ್ಕೆ ನಾಲ್ಕೂ ಒದೆಯುವ ಸ್ಟೆಪ್ಪರ್ಸ್ ಎಂಬ ರೆಗೆಯ ಬೇರೆ ತಾಳಗಳು ಕಷ್ಟವಾಗಲಿಲ್ಲ. ಸ್ಟೆಪ್ಪರ್ಸ್ ಹೊಡೆಯುವಾಗ ಯಾರನ್ನೋ ಎದೆಯ ಮೇಲೆ ತುಳಿಯುತ್ತಿದ್ದೇನೆ ಅನ್ನಿಸುತ್ತಿತ್ತು. ಯಾರನ್ನು ಎಂದು ನನಗೆ ಗೊತ್ತಿತ್ತು: ಅಪ್ಪನ ಕೈಯನ್ನು ಕಲ್ಲಿಗೆ ಒತ್ತಿ ಹಿಡಿದವರನ್ನು.

ಆದರೆ ಮಣಿಕಟ್ಟಿನ ನೀಲಿ ಗುರುತುಗಳು ಹೋಗಿರಲಿಲ್ಲ. ಒಂದು ಬೆಳಿಗ್ಗೆ ಅಪ್ಪನಿಗೆ ಕಾಫಿ ಲೋಟ ಕೊಡುವಾಗ ಅಂಗಿಯ ತೋಳು ಜಾರಿತು, ಗುರುತು ಅವನ ಕಣ್ಣಿಗೆ ಬಿತ್ತು. ಏನೂ ಇಲ್ಲ ಎಂದು ಬಸ್ಸಿಗೆ ಓಡಿದೆ. ಅಪ್ಪ ಅವ್ವನನ್ನು ಹಿಡಿದು ಕೇಳಿದ. ಅವ್ವ ಹೆದರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಆಸನ್ದಾಗೆ ಟೈರ್ ಅಂಗ್ಡಿ ಮ್ಯಾಲೆ ಯಾರೋ ಮೇಷ್ಟ್ರಂತೆ. ದಿನಾ ಸಂಜೆ ಒಡೀತಾರಂತೆ. ಇವ್ಳೂ ಒಡೀತಾಳಂತೆ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಮ್ಮ ಬಾಯಲ್ಲಿ ಹ ಬಿದ್ದುಹೋದ ಮೇಲೆ ಡ್ರಮ್ ಹೊಡೆಯುವುದೂ ಒಂದೇ, ಮನುಷ್ಯರನ್ನು ಹೊಡೆಯುವುದೂ ಒಂದೇ, ಮಡಕೆ ಒಡೆಯುವುದೂ ಒಂದೇ. ಕೊನೆಯ ಮಾತು ಕಿವಿಗೆ ಬೀಳುವ ಮೊದಲೇ ಅಪ್ಪ ತನಗೆ ಬೇಕಾದ ಅರ್ಥವನ್ನು ಆರಿಸಿಕೊಂಡ. ಮಗಳ ಮೈ ಮೇಲೆ ಕೈ ಮಾಡುವವನೊಬ್ಬ ಹಾಸನದಲ್ಲಿದ್ದಾನೆ ಎಂದು ತಿಳಿದುಕೊಂಡು, ಆ ಸಂಜೆ ಡಿಪೋದಿಂದ ನೇರವಾಗಿ ಚಕ್ರ ಬಿಚ್ಚುವ ಸ್ಪ್ಯಾನರಿನ ಸಮೇತ ಬಸ್ಸು ಹತ್ತಿದ.

ನಾನು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದೆ. ಮೆಟ್ಟಿಲ ಸದ್ದು ಕೇಳಲಿಲ್ಲ.

"ನನ್ ಮಗ್ಳಿಗೆ ಒಡೀತೀಯೇನ್ಲಾ!"

ಮೇಷ್ಟ್ರು ತಿರುಗುವಷ್ಟರಲ್ಲಿ ದವಡೆಗೆ ಬಿತ್ತು. ಪುಣ್ಯಕ್ಕೆ ಅದು ಸ್ಪ್ಯಾನರಲ್ಲ, ಮಡಚದ ಬೆರಳುಗಳ ಬಲಗೈ. ಮೇಷ್ಟ್ರು ಕಂಚಿನ ತಟ್ಟೆಗಳ ಸ್ಟ್ಯಾಂಡಿನ ಮೇಲೆ ಉರುಳಿದರು. ಕಿವಿ ತೂತಾಗುವ ಸದ್ದು. ಅವರ ಬಾಯಿಂದ ರಕ್ತ ಬರುತ್ತಿತ್ತು. ಆಗ ಅಪ್ಪ ನನ್ನನ್ನು ನೋಡಿದ. ಕೈಯಲ್ಲಿ ಎರಡು ಕೋಲು, ಮುಂದೆ ಬಿಗಿದ ಚರ್ಮ. ಈಗಿನ ಡ್ರಮ್ಮಿಗೆ ಪ್ಲಾಸ್ಟಿಕ್ಕಿನ ಹಾಳೆ ಎಂದು ಅವನಿಗೆ ಯಾರು ಹೇಳಬೇಕು.

ಅವನ ಮುಖ ಹೇಗಾಯಿತೆಂದರೆ, ಅದನ್ನು ನೋಡುವ ಬದಲು ಎರಡು ಏಟು ತಿನ್ನಬಹುದಿತ್ತು. ಸ್ಪ್ಯಾನರ್ ಎತ್ತಿ ಸಣ್ಣ ಡ್ರಮ್ಮಿಗೆ ಇಳಿಸಿದ. ಹಾಳೆ ನಡುಮಧ್ಯಕ್ಕೆ ಹರಿಯಿತು. ದೊಡ್ಡದಕ್ಕೆ ಒದ್ದ, ಅದು ಗೋಡೆಗೆ ಹೋಗಿ ನಿಂತಿತು. ಆಮೇಲೆ ಸ್ಪ್ಯಾನರ್ ನನ್ನ ಕಡೆಗೆ ಎದ್ದಿತು.

ನನಗೂ ತಲೆ ಕೆಟ್ಟಿತು. ಬಲಗೈಯನ್ನು ಡ್ರಮ್ಮಿನ ಅಂಚಿನ ಮೇಲೆ ಅಂಗಾತ ಇಟ್ಟೆ.

"ಒಡಿ! ಬೆರಳಿಗೇ ಒಡಿ! ಆ ನನ್ಮಕ್ಕಳು ನಿಂಗ್ ಮಾಡಿದ್ನ ನೀನು ನಂಗ್ ಮಾಡ್ಬುಡು. ಅವ್ರಿಗೆ ಒಂದ್ ಕೆಲ್ಸ ಕಮ್ಮಿ ಆಯ್ತದೆ!"

ಸ್ಪ್ಯಾನರ್ ಇಳಿಯಿತು, ನನ್ನ ಕೈಯ ಮೇಲಲ್ಲ, ಅವನ ಪಕ್ಕಕ್ಕೆ, ನಿಧಾನವಾಗಿ.

"ಯಾರ್ ಸಾವಿಗ್ಲೇ ಇದು?" ಎಂದು ಕೇಳಿದ.

"ಯಾರ್ ಸಾವಿಗೂ ಅಲ್ಲ."

"ಮತ್ಯಾಕೆ?"

"ನಂಗಾಸೆ."

ನಾನು ದೊಡ್ಡ ಡ್ರಮ್ಮನ್ನು ಎಳೆದುಕೊಂಡು ಬಂದು ಜಾಗಕ್ಕಿಟ್ಟೆ. ಹರಿದ ಡ್ರಮ್ಮಿನ ಮೇಲೆ ಕೋಲನ್ನು ಅಡ್ಡ ಮಲಗಿಸಿದೆ. ಅಂಚು ಗಟ್ಟಿಯಾಗಿಯೇ ಇತ್ತು, ಈ ತಾಳಕ್ಕೆ ಅಷ್ಟು ಸಾಕು. ಒಂದನ್ನು ನುಂಗಿ ಹೊಡೆಯಲು ಶುರು ಮಾಡಿದೆ. ಮೇಷ್ಟ್ರು ನೆಲದ ಮೇಲೆ ಕೂತು, ಕರ್ಚೀಫಿನಲ್ಲಿ ಬಾಯಿ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಎಣಿಸುತ್ತಿದ್ದರು.

ಅಪ್ಪ ಕೇಳುತ್ತಾ ನಿಂತ. ಸ್ವಲ್ಪ ಹೊತ್ತಾದ ಮೇಲೆ, "ಮೊದಲ್ನೇದು ಬುಟ್ಬುಟ್ಟೆ" ಎಂದ.

"ಬುಡ್ಬೇಕು. ಇದ್ರಲ್ಲಿ ಅಂಗೇ."

"ಅದು ಭಾರದ್ದು ಕಣ್ಲೇ. ಅದ್ನ ಬುಟ್ರೆ ಕೇಳೋವ್ನು ಕಾಯ್ತಾ ಕೂತ್ಕತಾನೆ."

"ಕಾಯ್ಲಿ ಅಂತ್ಲೇ ಬುಡಾದು."

ಅಪ್ಪ ಗೋಡೆಯ ಪಕ್ಕ ಪೇರಿಸಿದ್ದ ಹಳೆ ಟೈರುಗಳ ಮೇಲೆ ಕೂತುಕೊಂಡ. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಎದ್ದು ಏನು ಮಾಡುತ್ತಾನೋ ಎಂಬ ಭಯ. ಆದರೆ ಅವನು ಅಳುತ್ತಿದ್ದ. ಗ್ರೀಸ್ ಮೆತ್ತಿದ ಅಂಗೈಯಲ್ಲಿ ಮುಖ ಒರೆಸಿಕೊಂಡು ಇನ್ನಷ್ಟು ಕಪ್ಪು ಮಾಡಿಕೊಳ್ಳುತ್ತಿದ್ದ.

"ಅವ್ರ್ ಸಾವಿಗೆ ಬಡಿಯಾಕಿಲ್ಲ ಅಂದಿದ್ದೆ ಕಣವ್ವ, ಅಷ್ಟೆ" ಎಂದ. "ಬಡಿಯಾದೇ ಇಲ್ಲ ಅಂದಿರ್ನಿಲ್ಲ. ನಂಗೆ ಬಲು ಆಸೆ ಇತ್ತು. ಆಮ್ಯಾಲೆ ಬೆರಳೇ ಇರ್ನಿಲ್ಲ."

ನನ್ನ ಕಾಲು ನಿಂತುಹೋಯಿತು. ಇಷ್ಟು ವರ್ಷ ನಾನು ತಿಂದ ಏಟುಗಳೆಲ್ಲ ತಮಟೆಯ ಮೇಲಿನ ಅವನ ದ್ವೇಷದ್ದೆಂದು ತಿಳಿದಿದ್ದೆ. ಅರಕಲಗೂಡಿನ ಆ ದೊಡ್ಡ ಮನೆಯವರನ್ನು ಅವರ ಮೂರು ತಲೆಮಾರು ಸೇರಿಸಿ ಬಾಯಿಗೆ ಬಂದ ಹಾಗೆ ಬೈದೆ. ಅಪ್ಪ ತಡೆಯಲೂ ಇಲ್ಲ, ಜೊತೆ ಸೇರಲೂ ಇಲ್ಲ. ಎದ್ದು ಬಂದು ಬಲಗೈ ಚಾಚಿದ. ಕೋಲು ಕೊಟ್ಟೆ. ಬೆರಳು ಮಡಚಲಿಲ್ಲ, ಕೋಲು ನೆಲಕ್ಕೆ ಬಿತ್ತು. ಎತ್ತಿ ಕೊಟ್ಟೆ. ಮತ್ತೆ ಬಿತ್ತು.

"ಎಡಗೈಲಿ ಇಡ್ಕೊ ಅಪ್ಪ" ಎಂದೆ.

"ಆ ಕೈ ಸ್ಪ್ಯಾನರಿಂದು" ಎಂದ. "ಇನ್ನೊಂದ್ಕಿತ ಕೊಡವ್ವ."