ಕುರುಬನ ಕೋಲಿನ ಕುಣಿತಕ್ಕೆ ಮೂರನೆಯವಳು

ಅರಬ್ ನಾಡಿನ ಈ ಊರಿನಲ್ಲಿ, ಹಮ್ದಾನ್ ಸ್ಟ್ರೀಟಿನ ನಮ್ಮ ಆಫೀಸಿನಲ್ಲಿ ಸ್ಕಾಟ್ಲೆಂಡಿನ ಹೆಂಗಸೊಬ್ಬಳಿದ್ದಾಳೆ. ಒಂದು ಸಂಜೆ, "ನಮ್ಮ ಊರಿನ ಕುಣಿತಕ್ಕೆ ಒಬ್ಬರು ಕಡಿಮೆ ಬಿದ್ದಿದ್ದಾರೆ, ಬಾ" ಎಂದಳು. ಈ ವಯಸ್ಸಿನಲ್ಲಿ ನನಗೇಕೆ ಬೇಡದ ಉಸಾಬರಿ ಎನಿಸಿತು. ಆದರೆ ನನ್ನವರು ತೀರಿಕೊಂಡು ಎರಡು ವರ್ಷವಾಗಿತ್ತು. ಫ್ಲ್ಯಾಟಿನಲ್ಲಿ ಕೂತು ಗೋಡೆ ನೋಡುವುದಕ್ಕಿಂತ ವಾಸಿ ಎಂದು ಹೋದೆ.

ಆ ಕುಣಿತಕ್ಕೆ ಕುರುಬನ ಕೋಲಿನ ಹೆಸರು. ಕುರಿಯ ಕುತ್ತಿಗೆಗೆ ಹಾಕಿ ಎಳೆಯುವ, ತುದಿ ಬಾಗಿದ ಕೋಲು. ನಮ್ಮಲ್ಲಿ ಮಾವು ಕೊಯ್ಯುವ ಕೊಕ್ಕೆಯ ಹಾಗೆ. ಮಧ್ಯೆ ಒಬ್ಬ ಗಂಡಸು, ಅತ್ತಿತ್ತ ಕೈ ಹಿಡಿದ ಇಬ್ಬರು ಹೆಂಗಸರು; ಅಂಥ ಮೂವರ ಗುಂಪುಗಳು ಒಂದರ ಹಿಂದೊಂದು. ನಮ್ಮ ಮಧ್ಯೆ ನಿಂತವನು ಅವಳ ಗಂಡ. ನೆಲ ಜಾರುತ್ತದೆ ಎಂದು ನಾನು ಮೊದಲೇ ಹೇಳಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಅವನು ಹೆಂಡತಿಯ ಕಡೆ ತಿರುಗಿ ಅವಳನ್ನು ತೋಳಿನಡಿ ಸುತ್ತಿಸಲು ಹೊರಟ. ನಾನು ಮೆಲ್ಲಗೆ ಕೈ ಬಿಟ್ಟು ಗೋಡೆಯ ಬಳಿ ಸರಿದೆ. ಯಾರೂ ಹೇಳಿರಲಿಲ್ಲ. ಸಮಾರಂಭಗಳಲ್ಲಿ ಅರಿಶಿನ ಕುಂಕುಮದ ತಟ್ಟೆ ಬಂದಾಗ, ಗಂಡ ಹೆಂಡಿರಿಗೆ ಆರತಿ ಎತ್ತುವಾಗ, ಹಾಗೆ ಸರಿದು ಸರಿದು ರೂಢಿಯಾಗಿತ್ತು. ಹೇಳಿಸಿಕೊಳ್ಳುವ ಮೊದಲೇ ಸರಿದರೆ ಮಾನ ಉಳಿಯುತ್ತದೆ.

ಹಿಂದಿನಿಂದ ಬರುತ್ತಿದ್ದವರು ಒಬ್ಬರ ಮೇಲೊಬ್ಬರು ಮುಗ್ಗರಿಸಿ ನಿಂತರು.

"ಎಲ್ಲಿಗೆ ಹೊರಟೆ?" ಅವಳು ರೇಗಿದಳು.

"ನೀವಿಬ್ಬರೂ ಕುಣಿಯಿರಿ ಅಂತ..."

"ಇಬ್ಬರಿಂದ ಇದು ಆಗುವುದೇ ಇಲ್ಲ. ಕೈ ಕೊಡು!"

ಕೈ ಹಿಡಿದು ಎಳೆದೇ ಬಿಟ್ಟಳು. ಅಷ್ಟು ಹೊತ್ತು ನನ್ನ ಕೈ ಹಿಡಿದವರು ಎರಡು ವರ್ಷದಲ್ಲಿ ಯಾರೂ ಇರಲಿಲ್ಲ. ಹೆಜ್ಜೆ ತಪ್ಪುತ್ತಲೇ ಕುಣಿದೆ. ಸಂತೋಷಕ್ಕೆ ಅಳು ಬಂತು, ಬೆವರು ಒರೆಸುವ ನೆವದಲ್ಲಿ ಅದನ್ನೂ ಒರೆಸಿಕೊಂಡೆ.

ಆ ವಾರವೇ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಉಡುಪಿ ಕಡೆಯ ಗೆಳತಿಯ ಮಗಳ ಸೀಮಂತ. ನನ್ನವರು ಆಸ್ಪತ್ರೆಯಲ್ಲಿದ್ದಾಗ ದಿನವೂ ಗಂಜಿ ತಂದುಕೊಟ್ಟ ಗೆಳತಿ. ಕುಂಕುಮದ ತಟ್ಟೆ ಹೊರಟಿತು. ಈ ಸಲ ನಾನು ಏಳಲಿಲ್ಲ. ಮುತ್ತೈದೆಯರ ಸಾಲಿನಲ್ಲೇ ಕೂತೆ. ತಟ್ಟೆ ಹಿಡಿದ ಗೆಳತಿ ನನ್ನ ಮುಂದೆ ಬಂದು ತಡೆದು ನಿಂತಳು.

"ಅಕ್ಕ, ಎಲೆ ಹಾಕಿ ಆಗಿದೆ. ನೀವು ಊಟಕ್ಕೆ ಹೋಗಿ ಮಾರಾಯ್ರೆ, ಹಸಿವಾಗಿರ್ಬಹುದು."

ಬಹಳ ಪ್ರೀತಿಯಿಂದಲೇ ಹೇಳಿದಳು. ಆ ಪ್ರೀತಿಗೇ ನನಗೆ ಸಿಟ್ಟು ಬಂದದ್ದು.

"ಹಸಿವಿಲ್ಲ" ಎಂದೆ.

ತಟ್ಟೆ ನನ್ನನ್ನು ದಾಟಿ ಪಕ್ಕದವಳಿಗೆ ಹೋಯಿತು. ನಾನು ಅಲ್ಲೇ ಕೂತಿದ್ದೆ.